ಆರು ತಿಂಗಳ ಮರುದಿನ

ಕಳೆದ ಬೇಸಿಗೆಯಲ್ಲಿ ನನ್ನ ತಮ್ಮ ಎರಡು ವಾರ ರಜೆ ಹಾಕಿ ನನ್ನನ್ನು ನೋಡಲು ಜರ್ಮನಿಗೆ ಬಂದಿದ್ದ. ವಿಮಾನ ಇಳಿದ ಮರುದಿನವೇ ಒಂದು ಕಾರನ್ನು ಬಾಡಿಗೆಗೆ ತೆಗೆದುಕೊಂಡ. ಭಾರತದ ಲೈಸೆನ್ಸ್, ಅದರ ಜರ್ಮನ್ ಅನುವಾದ, ಪಾಸ್‌ಪೋರ್ಟ್ ಇಷ್ಟನ್ನು ನೋಡಿ ಕೌಂಟರಿನವರು ಕೀಲಿ ಕೊಟ್ಟರು. ಅವನು ಅದುವರೆಗೆ ರಸ್ತೆಯ ಬಲಬದಿಯಲ್ಲಿ ಒಂದು ಕಿಲೋಮೀಟರ್ ಕೂಡ ಗಾಡಿ ಓಡಿಸಿದವನಲ್ಲ. ಗೇರ್ ಬದಲಿಸಬೇಕಾದಾಗಲೆಲ್ಲ ಅಭ್ಯಾಸಬಲದಿಂದ ಎಡಗೈ ಹೋಗಿ ಬಾಗಿಲಿಗೆ ಬಡಿಯುತ್ತಿತ್ತು. ಒಮ್ಮೆ ನಕ್ಕ, ಎರಡನೆಯ ಸಲ ನಗಲಿಲ್ಲ.

ನಾನು ಪಕ್ಕದ ಸೀಟಿನಲ್ಲಿ ಕುಳಿತಿದ್ದೆ. ಮನೆಗಳ ನಡುವಿನ ಒಂದು ಕಿರಿದಾದ ಬೀದಿ. ಮುಂದೆ ಕೂಡುರಸ್ತೆ. ಸಿಗ್ನಲ್ ಇಲ್ಲ, ಫಲಕವಿಲ್ಲ, ನೆಲದ ಮೇಲೆ ಬಿಳಿ ಗೆರೆಯೂ ಇಲ್ಲ.

"ಅಕ್ಕಾ, ಇಲ್ಲಿ ಯಾರು ಮೊದಲು? ನಾನು ಹೋಗಬಹುದೇ?"

"ನಿಲ್ಲಿಸು. ಬಲಗಡೆಯಿಂದ ಬರುವವರು ಮೊದಲು" ಎಂದೆ.

ಅವನು ಬ್ರೇಕ್ ಒತ್ತಿದ. ಬಲಗಡೆಯ ಬೀದಿಯಿಂದ ಒಂದು ಬಿಳಿ ವ್ಯಾನ್ ವೇಗ ತಗ್ಗಿಸದೆ ನಮ್ಮ ಮುಂದೆಯೇ ಹಾದು ಹೋಯಿತು. ಆ ಚಾಲಕ ನಮ್ಮ ಕಡೆ ನೋಡಲೂ ಇಲ್ಲ. ನೋಡಬೇಕಾದ ಅಗತ್ಯ ಅವನಿಗಿರಲಿಲ್ಲ, ದಾರಿಯ ಹಕ್ಕು ಅವನದು. ಈ ದೇಶದಲ್ಲಿ ಇದಕ್ಕೆ "ರೆಶ್ಟ್ಸ್ ಫೋರ್ ಲಿಂಕ್ಸ್" ಎನ್ನುತ್ತಾರೆ, ಎಡಕ್ಕಿಂತ ಬಲ ಮೊದಲು ಎಂದರ್ಥ. ಇಲ್ಲಿ ಬೆಳೆದವರಿಗೆ ಇದು ಉಸಿರಾಟದಷ್ಟೇ ಸಹಜ. ಹೊರಗಿನಿಂದ ಬಂದವರು ಮೊದಲು ಎಡವುವುದು ಇದರಲ್ಲೇ.

ಆ ದಿನ ಕಾನೂನಿನ ಪ್ರಕಾರ ಆ ಕಾರನ್ನು ಓಡಿಸುವ ಅರ್ಹತೆ ಇದ್ದದ್ದು ನನ್ನ ತಮ್ಮನಿಗೆ. ನನಗೆ ಇರಲಿಲ್ಲ. ನಮ್ಮಿಬ್ಬರದ್ದೂ ಒಂದೇ ದೇಶದ ಲೈಸೆನ್ಸ್. ನಾನು ಕಾರು ಓಡಿಸಲು ಕಲಿತು ಹನ್ನೊಂದು ವರ್ಷವಾಗಿತ್ತು, ಅವನು ಕಲಿತದ್ದು ನನ್ನ ಪಕ್ಕದಲ್ಲಿ ಕುಳಿತೇ. ಆ ಊರಿಗೆ ನಾನು ಬಂದು ಹದಿನಾಲ್ಕು ತಿಂಗಳಾಗಿತ್ತು, ಅಲ್ಲಿನ ಪ್ರತಿಯೊಂದು ತಿರುವೂ ನನಗೆ ಗೊತ್ತಿತ್ತು. ಚಾಲನೆಯ ಲಿಖಿತ ಪರೀಕ್ಷೆಯನ್ನೂ ಪಾಸು ಮಾಡಿದ್ದೆ. ಆದರೂ ಅವನು ದಣಿದಾಗ, "ಸ್ವಲ್ಪ ದೂರ ನೀನು ಓಡಿಸುತ್ತೀಯಾ ಅಕ್ಕಾ?" ಎಂದು ಕೇಳಿದಾಗ, ಆಗುವುದಿಲ್ಲ ಎನ್ನಬೇಕಾಯಿತು. ಇಲ್ಲಿ ಮಾನ್ಯ ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದರೆ ದಂಡ ಕಟ್ಟಿ ಬಿಡಿಸಿಕೊಂಡು ಬರುವಂತಿಲ್ಲ. ಅದು ಕ್ರಿಮಿನಲ್ ಅಪರಾಧ, ಒಂದು ವರ್ಷದವರೆಗೆ ಸೆರೆವಾಸಕ್ಕೂ ಅವಕಾಶವಿದೆ.

ನಿಯಮ ಇಷ್ಟೇ. ಯುರೋಪಿಯನ್ ಒಕ್ಕೂಟದ ಹೊರಗಿನ ಲೈಸೆನ್ಸ್ ಇರುವವರು ಜರ್ಮನಿಯಲ್ಲಿ ವಾಸಕ್ಕೆ ನಿಂತರೆ ಆ ದಿನದಿಂದ ಆರು ತಿಂಗಳು ಅದೇ ಲೈಸೆನ್ಸಿನ ಮೇಲೆ ಗಾಡಿ ಓಡಿಸಬಹುದು. ಆರು ತಿಂಗಳು ತುಂಬಿದ ರಾತ್ರಿ ಲೈಸೆನ್ಸ್ ಕೈಯಲ್ಲೇ ಇರುತ್ತದೆ, ಅದರ ಮೇಲಿನ ದಿನಾಂಕವೂ ಮುಗಿದಿರುವುದಿಲ್ಲ, ಆದರೆ ಬೆಳಗಾಗುವ ಹೊತ್ತಿಗೆ ಅದಕ್ಕೆ ಬೆಲೆ ಇರುವುದಿಲ್ಲ. ನನಗೆ ಆ ದಿನ ಇನ್ನೂ ನೆನಪಿದೆ. ಹಿಂದಿನ ಸಂಜೆ ಸ್ನೇಹಿತೆಯೊಬ್ಬಳ ಕಾರಿನಲ್ಲಿ ಅವಳನ್ನೇ ಆಸ್ಪತ್ರೆಗೆ ಕರೆದೊಯ್ದು ವಾಪಸು ಬಿಟ್ಟಿದ್ದೆ. ಮಳೆ ಬರುತ್ತಿತ್ತು, ರಸ್ತೆ ಜಾರುತ್ತಿತ್ತು, ಎಚ್ಚರದಿಂದ ಓಡಿಸಿದ್ದೆ. ಮರುದಿನ ಬಿಸಿಲು. ರಸ್ತೆ ಒಣಗಿತ್ತು, ನಾನು ಬಸ್ ನಿಲ್ದಾಣದಲ್ಲಿದ್ದೆ.

ಈ ಗೆರೆಯನ್ನು ಜರ್ಮನಿ ಒಂದೇ ಎಳೆದದ್ದಲ್ಲ ಎಂಬುದನ್ನು ಹೇಳಲೇಬೇಕು. ದೇಶದಿಂದ ದೇಶಕ್ಕೆ ಚಾಲಕರ ಓಡಾಟವನ್ನು ಸುಗಮಗೊಳಿಸಲು ಎರಡು ದೊಡ್ಡ ಒಪ್ಪಂದಗಳಿವೆ. ಒಂದು 1949ರಲ್ಲಿ ಜಿನೀವಾದಲ್ಲಿ ಆದದ್ದು, ಇನ್ನೊಂದು 1968ರಲ್ಲಿ ವಿಯೆನ್ನಾದಲ್ಲಿ. ನಾವೆಲ್ಲ ಪ್ರಯಾಣಕ್ಕೆ ಮುಂಚೆ ಮಾಡಿಸಿಕೊಳ್ಳುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಎಂಬ ಪುಸ್ತಿಕೆ ಈ ಒಪ್ಪಂದಗಳ ಕೂಸು. ಹೆಸರು ದೊಡ್ಡದಿದ್ದರೂ ಅದು ನಮ್ಮ ಲೈಸೆನ್ಸಿನ ಅನುವಾದ ಮಾತ್ರ, ಅದಕ್ಕೆ ಸ್ವಂತದ ಬಲವಿಲ್ಲ. ವಿಯೆನ್ನಾ ಒಪ್ಪಂದದಲ್ಲಿ ಒಂದು ಮಾತು ಸ್ಪಷ್ಟವಾಗಿದೆ: ಚಾಲಕನ ಸಾಮಾನ್ಯ ವಾಸಸ್ಥಳ ಬದಲಾಗಿ ಹೊಸ ದೇಶಕ್ಕೆ ಬಂದ ಮೇಲೆ ಆ ದೇಶ ಹಳೆಯ ಲೈಸೆನ್ಸನ್ನು ಒಪ್ಪಬೇಕಾದ ಕಟ್ಟುಪಾಡಿಲ್ಲ. ಅಂದರೆ ಜಗತ್ತಿನ ರಸ್ತೆಗಳು ನೆಂಟರಿಗೆ ತೆರೆದಿವೆ. ಒಕ್ಕಲು ಬಂದವರ ವಿಷಯವನ್ನು ಆಯಾ ದೇಶದ ಮರ್ಜಿಗೆ ಬಿಡಲಾಗಿದೆ.

ಇದರ ಹಿಂದಿನ ತರ್ಕ ನನಗೆ ಅರ್ಥವಾಗುತ್ತದೆ. ಪ್ರವಾಸಿ ಹತ್ತು ದಿನ ಓಡಿಸಿ ಹೋಗುತ್ತಾನೆ. ನಿವಾಸಿ ಪ್ರತಿದಿನ ಓಡಿಸುತ್ತಾನೆ, ಶಾಲೆಯ ಮುಂದೆ, ಮಂಜು ಬಿದ್ದ ಬೆಳಗಿನಲ್ಲಿ, ಮೂವತ್ತು ವರ್ಷ. ಅವನಿಂದ ಹೆಚ್ಚು ಕೇಳುವುದು ನ್ಯಾಯವೇ. ಈ ಬರಹವನ್ನು ಓದಿ "ಪರೀಕ್ಷೆ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದಾಳೆ" ಎಂದು ಯಾರೂ ತಿಳಿಯಬಾರದು. ಪರೀಕ್ಷೆ ಬೇಕು. ನನ್ನ ಜಗಳ ಇರುವುದು ಯಾರಿಗೆ ಪರೀಕ್ಷೆ ಬೇಡ ಎಂದು ತೀರ್ಮಾನಿಸುವ ಪಟ್ಟಿಯ ಜೊತೆಗೆ.

ಆ ಪಟ್ಟಿ ಜರ್ಮನಿಯ ಚಾಲನಾ ಪರವಾನಗಿ ನಿಯಮಾವಳಿಯ 11ನೇ ಅನುಬಂಧದಲ್ಲಿದೆ. ಅದರಲ್ಲಿ ಹೆಸರಿರುವ ದೇಶಗಳ ಲೈಸೆನ್ಸ್ ಇದ್ದವರು ಕಚೇರಿಗೆ ಹೋಗಿ ಹಳೆಯ ಕಾರ್ಡ್ ಕೊಟ್ಟು ಹೊಸದನ್ನು ಪಡೆಯಬಹುದು. ಜಪಾನ್, ದಕ್ಷಿಣ ಕೊರಿಯಾ, ಸ್ವಿಟ್ಜರ್ಲೆಂಡ್, ಸಿಂಗಪುರ, ದಕ್ಷಿಣ ಆಫ್ರಿಕಾ, ನಮೀಬಿಯಾ ಅದರಲ್ಲಿವೆ. ಭಾರತ ಇಲ್ಲ, ಫಿಲಿಪ್ಪೀನ್ಸ್ ಇಲ್ಲ. ಅಮೆರಿಕದ ವಿಷಯ ಇನ್ನೂ ವಿಚಿತ್ರ. ಅಲ್ಲಿ ಲೈಸೆನ್ಸ್ ಕೊಡುವುದು ರಾಜ್ಯಗಳಾದ್ದರಿಂದ ಪಟ್ಟಿಯೂ ರಾಜ್ಯವಾರು ಒಡೆದಿದೆ. ಟೆಕ್ಸಾಸಿನವರಿಗೆ ಯಾವ ಪರೀಕ್ಷೆಯೂ ಇಲ್ಲ. ಫ್ಲಾರಿಡಾದವರಿಗೆ ಲಿಖಿತ ಪರೀಕ್ಷೆ ಮಾತ್ರ. ಕ್ಯಾಲಿಫೋರ್ನಿಯಾದವರ ಹೆಸರೇ ಇಲ್ಲ, ಅವರೂ ನನ್ನ ಸಾಲಿನಲ್ಲೇ ನಿಲ್ಲಬೇಕು.

ನನ್ನ ಕಚೇರಿಯಲ್ಲಿ ಟೆಕ್ಸಾಸಿನಿಂದ ಬಂದ ಸಹೋದ್ಯೋಗಿಯೊಬ್ಬರಿದ್ದಾರೆ. ಒಳ್ಳೆಯ ಮನುಷ್ಯ. ನನಗೆ ಎಷ್ಟೋ ಸಲ ಮನೆಯವರೆಗೆ ಬಿಟ್ಟು ಉಪಕಾರ ಮಾಡಿದ್ದಾರೆ. ಅವರ ಊರಿನಲ್ಲಿ ಕೆಂಪು ದೀಪವಿದ್ದರೂ ನಿಂತು ನೋಡಿ ಬಲಕ್ಕೆ ತಿರುಗಬಹುದು. ಜರ್ಮನಿಯಲ್ಲಿ ಸಿಗ್ನಲಿನ ಪಕ್ಕ ಹಸಿರು ಬಾಣದ ಫಲಕ ಇದ್ದರೆ ಮಾತ್ರ ಹಾಗೆ ಮಾಡಬಹುದು. ಒಂದು ಸಂಜೆ ಅವರು ನಿಂತು, ನೋಡಿ, ಫಲಕವಿಲ್ಲದ ಕಡೆ ತಿರುಗಲು ಹೊರಟರು. ನಾನು ಗಾಬರಿಯಿಂದ ತಡೆದೆ. "ಇದು ಇಲ್ಲಿ ಇಲ್ಲವೇ?" ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. ಅವರಿಗೆ ಜರ್ಮನ್ ಲೈಸೆನ್ಸ್ ಬಂದು ಆಗಲೇ ನಾಲ್ಕು ತಿಂಗಳಾಗಿತ್ತು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ತಪ್ಪು ಅವರದ್ದು ಎಂದು ನನಗೆ ಅನಿಸಲಿಲ್ಲ.

ಪಟ್ಟಿಯನ್ನು ಸಮರ್ಥಿಸುವವರು ಸಾಮಾನ್ಯವಾಗಿ ಹೇಳುವ ಮಾತು, ನಿಮ್ಮ ದೇಶದಲ್ಲಿ ಎಡಬದಿಯ ಸಂಚಾರ, ಇಲ್ಲಿ ಬಲಬದಿ ಎಂಬುದು. ಜಪಾನಿನಲ್ಲೂ ಎಡಬದಿಯೇ, ಸಿಂಗಪುರದಲ್ಲೂ, ದಕ್ಷಿಣ ಆಫ್ರಿಕಾದಲ್ಲೂ. ಎರಡನೆಯದು ಸುರಕ್ಷತೆ. ಇದು ತೂಕದ ಮಾತು, ಹಾಗಾಗಿ ಸ್ವಲ್ಪ ನಿಂತು ನೋಡೋಣ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇದು ಸರ್ಕಾರದ್ದೇ ಲೆಕ್ಕ. ಅದೇ ವರ್ಷ ಜರ್ಮನಿಯಲ್ಲಿ ಸುಮಾರು 2,800. ಜನಸಂಖ್ಯೆಗೆ ಹೊಂದಿಸಿದರೆ ನಮ್ಮಲ್ಲಿ ಲಕ್ಷಕ್ಕೆ ಹನ್ನೆರಡರಷ್ಟು, ಇಲ್ಲಿ ಮೂರಕ್ಕಿಂತ ತುಸು ಹೆಚ್ಚು. ಈ ಅಂತರವನ್ನು ನೋಡಿದರೆ ನನಗೆ ಸಂಕಟವಾಗುತ್ತದೆ, ಅದನ್ನು ಮುಚ್ಚಿಡುವ ಮನಸ್ಸಿಲ್ಲ. ಆದರೆ ಅಮೆರಿಕದಲ್ಲಿ ಅದೇ ವರ್ಷ 42 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದೂ ಲಕ್ಷಕ್ಕೆ ಹನ್ನೆರಡರ ಮೇಲೆಯೇ. ದಕ್ಷಿಣ ಆಫ್ರಿಕಾದಲ್ಲಿ ಲಕ್ಷಕ್ಕೆ ಇಪ್ಪತ್ತರ ಆಸುಪಾಸು. ವಾಹನಗಳ ಸಂಖ್ಯೆ, ರಸ್ತೆಯ ಸ್ಥಿತಿ, ಆಂಬುಲೆನ್ಸ್ ಎಷ್ಟು ಬೇಗ ಬರುತ್ತದೆ ಎಂಬುದು, ಲೆಕ್ಕ ಹಾಕುವ ಕ್ರಮ, ಇವೆಲ್ಲ ಬೇರೆ ಬೇರೆಯಾದ್ದರಿಂದ ಈ ಸಂಖ್ಯೆಗಳಿಂದ ಚಾಲಕರ ಗುಣವನ್ನು ಅಳೆಯಲಾಗದು. ಒಂದು ವಿಷಯ ಮಾತ್ರ ತಿಳಿಯುತ್ತದೆ. ಸಾವಿನ ಲೆಕ್ಕ ನೋಡಿ ಈ ಪಟ್ಟಿಯನ್ನು ಬರೆದಿಲ್ಲ.

ಬರೆಸಿದ್ದು ಕೊಡು-ಕೊಳ್ಳುವಿಕೆ. ನೀನು ನನ್ನವರ ಲೈಸೆನ್ಸ್ ಒಪ್ಪಿದರೆ ನಿನ್ನವರದ್ದನ್ನು ನಾನು ಒಪ್ಪುತ್ತೇನೆ ಎಂಬ ಮಾತು ಎರಡು ಸರ್ಕಾರಗಳ ನಡುವೆ ಆಗುತ್ತದೆ. ಎಲ್ಲಿ ಮಾತುಕತೆ ಆಗಿದೆಯೋ ಅಲ್ಲಿ ಹೆಸರು ಸೇರುತ್ತದೆ, ಆಗದಿದ್ದರೆ ಇಲ್ಲ. ಬ್ರಿಟನ್ನಿನ ಪಟ್ಟಿಯನ್ನು ನೋಡಿದರೂ ಇದೇ ಕಾಣುತ್ತದೆ. ಅಲ್ಲಿ ಜಿಂಬಾಬ್ವೆ ಇದೆ, ಬಾರ್ಬಡೋಸ್ ಇದೆ, ಫಾಕ್‌ಲ್ಯಾಂಡ್ ದ್ವೀಪಗಳಿವೆ. ಅಮೆರಿಕ ಇಲ್ಲ, ಭಾರತವೂ ಇಲ್ಲ. ಹಾಗಾಗಿ ಇದನ್ನು ಬರೀ ಚರ್ಮದ ಬಣ್ಣದ, ಸಿರಿತನದ ಕಥೆ ಎಂದು ಹೇಳಿಬಿಡಲು ನಾನು ಸಿದ್ಧಳಿಲ್ಲ. ಹಳೆಯ ಸಾಮ್ರಾಜ್ಯದ ನಂಟು, ವ್ಯಾಪಾರದ ನಂಟು, ಯಾವುದೋ ಸಚಿವಾಲಯದ ಯಾವುದೋ ಮೇಜಿನ ಮೇಲೆ ಮುಂದಕ್ಕೆ ಸರಿದ ಕಡತ, ಇವೆಲ್ಲ ಸೇರಿ ಪಟ್ಟಿಯಾಗಿದೆ. ಸರ್ಕಾರಗಳಿಗೆ ಇದು ಸಲೀಸಾದ ದಾರಿ. ಆದರೆ ಗಾಡಿ ಓಡಿಸುವವರು ಸರ್ಕಾರಗಳಲ್ಲ. ಕೂಡುರಸ್ತೆಯಲ್ಲಿ ನಿಂತಿರುವವಳು ಒಬ್ಬ ಮನುಷ್ಯಳು, ಅವಳ ಬಗ್ಗೆ ಯಾರೂ ಯಾವ ಪ್ರಶ್ನೆಯನ್ನೂ ಕೇಳಿಲ್ಲ. ಯುರೋಪಿಯನ್ ಒಕ್ಕೂಟದ ಒಳಗಿನ ಮಾನ್ಯತೆ ಬೇರೆ. ಅಲ್ಲಿ ಎಲ್ಲ ದೇಶಗಳ ಪರೀಕ್ಷೆಗೂ ಸಾಮಾನ್ಯ ಕನಿಷ್ಠ ಮಟ್ಟವೊಂದಿದೆ, ಆದ್ದರಿಂದ ಒಬ್ಬರದ್ದನ್ನು ಇನ್ನೊಬ್ಬರು ಒಪ್ಪುವುದಕ್ಕೆ ಆಧಾರವಿದೆ.

ಇನ್ನು ನನ್ನ ಹಳೆಯ ಲೈಸೆನ್ಸಿನ ವಿಷಯ. ನಾನು ಅದನ್ನು ಪಡೆದ ದಿನ ಒಂದು ಮೈದಾನದಲ್ಲಿ ಕಾರನ್ನು ಎಂಟರ ಆಕಾರದಲ್ಲಿ ಓಡಿಸಿದೆ, ಸ್ವಲ್ಪ ಹಿಂದಕ್ಕೆ ತೆಗೆದೆ. ಐದು ನಿಮಿಷವೂ ಆಗಿರಲಿಲ್ಲ, ಮುಂದಿನವರನ್ನು ಕರೆದರು. ರಸ್ತೆಗೆ ಇಳಿಸಲೇ ಇಲ್ಲ. ಪಾದಚಾರಿ ದಾಟುವಾಗ ನಾನು ಏನು ಮಾಡುತ್ತೇನೆ, ಆಂಬುಲೆನ್ಸ್ ಹಿಂದೆ ಬಂದರೆ ಏನು ಮಾಡುತ್ತೇನೆ ಎಂದು ನೋಡಿದವರಿಲ್ಲ. ನಾನು ಚಾಲನೆ ಕಲಿತದ್ದು ಆಮೇಲೆ, ರಸ್ತೆಯಲ್ಲಿ, ಹೆದರುತ್ತಾ. ಆದ್ದರಿಂದ ನಮ್ಮ ಲೈಸೆನ್ಸನ್ನು ನೋಡಿ ಬೇರೆ ದೇಶದವರು ಅನುಮಾನಪಟ್ಟರೆ ನನಗೆ ಕೋಪ ಬರುವುದಿಲ್ಲ. ಆ ಅನುಮಾನವನ್ನು ಹೋಗಲಾಡಿಸಲು ಇರುವ ದಾರಿ ಒಂದೇ, ನನ್ನನ್ನು ಕಾರಿನಲ್ಲಿ ಕೂರಿಸಿ ನೋಡುವುದು. ಅದನ್ನು ಇಲ್ಲಿ ಮಾಡಿದರು, ಚೆನ್ನಾಗಿಯೇ ಮಾಡಿದರು.

ಮೊದಲು ಕಣ್ಣಿನ ತಪಾಸಣೆ, ಪ್ರಥಮ ಚಿಕಿತ್ಸೆಯ ತರಗತಿ. ನಂತರ ಲಿಖಿತ ಪರೀಕ್ಷೆ. ಸಾವಿರಕ್ಕೂ ಹೆಚ್ಚು ಪ್ರಶ್ನೆಗಳ ಭಂಡಾರದಿಂದ 30 ಪ್ರಶ್ನೆಗಳು. ಪ್ರತಿ ತಪ್ಪಿಗೂ ಅದರ ಗಂಭೀರತೆಗೆ ತಕ್ಕಂತೆ ಅಂಕ ಕೂಡುತ್ತದೆ. ಹತ್ತು ದಾಟಿದರೆ ನಪಾಸು. ಐದು ಅಂಕದ ಎರಡು ಪ್ರಶ್ನೆಗಳು ತಪ್ಪಿದರೆ ಹತ್ತಕ್ಕೇ ನಪಾಸು. ಜರ್ಮನ್ ಅಲ್ಲದೆ ಇಂಗ್ಲಿಷ್, ಟರ್ಕಿಶ್, ಅರೇಬಿಕ್ ಸೇರಿ ಹನ್ನೆರಡು ಭಾಷೆಗಳಲ್ಲಿ ಇದನ್ನು ಬರೆಯಬಹುದು. ರಾತ್ರಿ ಊಟವಾದ ಮೇಲೆ ಎರಡು ತಿಂಗಳು ಓದಿದೆ. ಕಲಿಯುತ್ತಾ ಹೋದಂತೆ, ಇದಾವುದನ್ನೂ ತಿಳಿಯದೆ ಹನ್ನೊಂದು ವರ್ಷ ಓಡಿಸಿದೆನಲ್ಲ ಎಂದು ಎಷ್ಟೋ ಸಲ ಪುಸ್ತಕ ಮುಚ್ಚಿ ಸುಮ್ಮನೆ ಕುಳಿತಿದ್ದೇನೆ.

ರಸ್ತೆಯ ಪರೀಕ್ಷೆ 55 ನಿಮಿಷದ್ದು. ಪಕ್ಕದಲ್ಲಿ ಚಾಲನಾ ಬೋಧಕರು, ಅವರ ಕಾಲಡಿಯಲ್ಲೂ ಬ್ರೇಕ್ ಇರುತ್ತದೆ. ಹಿಂದಿನ ಸೀಟಿನಲ್ಲಿ ಪರೀಕ್ಷಕರು. ಅವರ ಸೂಚನೆಗಳೆಲ್ಲ ಜರ್ಮನ್ ಭಾಷೆಯಲ್ಲೇ, ಇಲ್ಲಿ ಬೇರೆ ಭಾಷೆಯ ಆಯ್ಕೆ ಇಲ್ಲ. ಮೊದಲ ಪರೀಕ್ಷೆಯಲ್ಲಿ ನಾನು ನಲವತ್ತು ನಿಮಿಷ ಚೆನ್ನಾಗಿ ಓಡಿಸಿದ್ದೆ. ಒಂದು ಸಿಗ್ನಲಿನಲ್ಲಿ ಹಸಿರು ಬಂತು, ಬಲಕ್ಕೆ ತಿರುಗಬೇಕಿತ್ತು. ಕನ್ನಡಿ ನೋಡಿದೆ, ಯಾರೂ ಇರಲಿಲ್ಲ. ತಿರುಗಲು ತೊಡಗಿದೆ. ಇಲ್ಲಿ ತಿರುಗುವ ಮುನ್ನ ತಲೆ ಹೊರಳಿಸಿ ಭುಜದ ಮೇಲಿಂದ ಹಿಂದಕ್ಕೆ ನೋಡಬೇಕು, ಕನ್ನಡಿಗೆ ಕಾಣದ ಮೂಲೆಯೊಂದು ಅಲ್ಲಿರುತ್ತದೆ. "ಶುಲ್ಟರ್‌ಬ್ಲಿಕ್" ಎಂದು ಬೋಧಕರು ನನಗೆ ನೂರು ಸಲ ಹೇಳಿದ್ದರು. ಆ ಒಂದು ಸಲ ನೋಡಲಿಲ್ಲ. ನನ್ನ ಪಾದ ಚಲಿಸುವ ಮೊದಲೇ ಬೋಧಕರ ಪಾದ ಬ್ರೇಕಿನ ಮೇಲಿತ್ತು. ಕಾರು ಜಗ್ಗಿ ನಿಂತಿತು. ಬಲಗಡೆಯ ಸೈಕಲ್ ದಾರಿಯಲ್ಲಿ ಹನ್ನೆರಡು ಹದಿಮೂರು ವರ್ಷದ ಒಬ್ಬ ಹುಡುಗಿ, ಬೆನ್ನಿಗೆ ನೀಲಿ ಚೀಲ, ನನ್ನ ಕಾರಿನ ಮೂತಿಯ ಮುಂದೆ ಹಾದು ಹೋದಳು. ಅವಳ ಚೀಲದ ಜಿಪ್ಪಿಗೆ ಉಣ್ಣೆಯ ಒಂದು ಚೆಂಡನ್ನು ಕಟ್ಟಿದ್ದಳು. ಅದು ತೂಗಾಡುತ್ತಿದ್ದದ್ದು ಕೂಡ ನನಗೆ ಕಾಣಿಸಿತು, ಅಷ್ಟು ಹತ್ತಿರ.

ಬೋಧಕರು ಬ್ರೇಕ್ ಒತ್ತಬೇಕಾಗಿ ಬಂದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ನನ್ನನ್ನು ನಪಾಸು ಮಾಡಿದ್ದು ಸರಿ. ನಂತರ ಎರಡು ವಾರ ಕಾದು ಮತ್ತೆ ಪರೀಕ್ಷೆ ಕೊಟ್ಟೆ, ಪಾಸಾದೆ. ಇಂದಿಗೂ ಪ್ರತಿ ಬಲತಿರುವಿನಲ್ಲಿ ನನ್ನ ಕುತ್ತಿಗೆ ತಾನಾಗಿ ಹೊರಳುತ್ತದೆ.

ಆದರೆ ಆ ಹುಡುಗಿಯ ಕಡೆಯಿಂದ ಈ ಪಟ್ಟಿಯನ್ನು ನೋಡಿ. ತನ್ನ ಪಕ್ಕದಲ್ಲಿ ತಿರುಗುತ್ತಿರುವ ಕಾರಿನ ಚಾಲಕರ ಹಳೆಯ ಕಾರ್ಡ್ ಯಾವ ದೇಶದಲ್ಲಿ ಮುದ್ರಣವಾಗಿತ್ತು ಎಂಬುದರಿಂದ ಅವಳಿಗೆ ಏನಾಗಬೇಕು? ಆ ಚಾಲಕ ತಲೆ ಹೊರಳಿಸುತ್ತಾನೋ ಇಲ್ಲವೋ ಎಂಬುದಷ್ಟೇ ಅವಳಿಗೆ ಬೇಕಾದದ್ದು. ನನಗೆ ಅದನ್ನು ಕಲಿಸಿದರು. ಪಟ್ಟಿಯಲ್ಲಿರುವವರಿಗೆ ಕಲಿಸಲಿಲ್ಲ, ಕಲಿತಿದ್ದಾರೆಯೇ ಎಂದು ನೋಡಲೂ ಇಲ್ಲ. ವಿನಾಯಿತಿ ಪಡೆದವರಿಗೆ ಲಾಭವಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಅದಕ್ಕೆ ಬೆಲೆ ತೆರುವವರು ರಸ್ತೆಯಲ್ಲಿರುವ ಉಳಿದವರು.

ಕಾನೂನಿನ ಒಳಗೇ ಇರುವ ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಇಲ್ಲಿ ಹೊಸ ಚಾಲಕರಿಗೆಲ್ಲ ಎರಡು ವರ್ಷದ ಪರೀಕ್ಷಾವಧಿ ಇರುತ್ತದೆ, ಆ ಅವಧಿಯ ತಪ್ಪುಗಳಿಗೆ ಶಿಕ್ಷೆ ಕಠಿಣ. ಆದರೆ ವಿದೇಶದ ಲೈಸೆನ್ಸ್ ಪಡೆದ ದಿನದಿಂದ ಕಳೆದ ಕಾಲವನ್ನು ಆ ಅವಧಿಗೆ ಜಮೆ ಮಾಡಿಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ. ಹಾಗಾಗಿ ನನಗೆ ಪರೀಕ್ಷಾವಧಿ ಇರಲಿಲ್ಲ. ಹೊಸಬರಿಗೆ ಕಡ್ಡಾಯವಾದ ತರಬೇತಿಯ ಗಂಟೆಗಳೂ ನನಗೆ ಕಡ್ಡಾಯವಾಗಿರಲಿಲ್ಲ. ಅಂದರೆ ನಾನು ಹನ್ನೊಂದು ವರ್ಷದಿಂದ ಚಾಲಕಿ ಎಂಬುದನ್ನು ಇದೇ ಕಾನೂನು ಎರಡು ಕಡೆ ಒಪ್ಪಿಕೊಂಡಿದೆ. ಹಾಗಿದ್ದ ಮೇಲೆ, ಪರೀಕ್ಷೆಯ ದಿನಾಂಕ ಸಿಗುವವರೆಗೆ ಆ ಚಾಲಕಿಯನ್ನು ಬಸ್ ನಿಲ್ದಾಣದಲ್ಲಿ ನಿಲ್ಲಿಸುವ ಅಗತ್ಯವೇನಿತ್ತು?

ನನಗೆ ಬಸ್ ಇತ್ತು, ರೈಲು ಇತ್ತು. ಆರೆಂಟು ತಿಂಗಳು ತಡವಾಗಿದ್ದರಿಂದ ನಾನೇನೂ ಕಳೆದುಕೊಳ್ಳಲಿಲ್ಲ. ಎಲ್ಲರ ವಿಷಯ ಹಾಗಲ್ಲ.

ನಮ್ಮ ಕಟ್ಟಡದಲ್ಲೇ ಕೇರಳದ ಒಬ್ಬ ನರ್ಸ್ ಇದ್ದಾಳೆ. ನನ್ನನ್ನು ಚೇಚಿ ಎಂದು ಕರೆಯುತ್ತಾಳೆ, ಮಲಯಾಳದಲ್ಲಿ ಅಕ್ಕ ಎಂದರ್ಥ. ನರ್ಸ್‌ಗಳ ಕೊರತೆ ತುಂಬಲು ಜರ್ಮನಿಯೇ "ಟ್ರಿಪಲ್ ವಿನ್" ಎಂಬ ಯೋಜನೆಯಡಿ ಫಿಲಿಪ್ಪೀನ್ಸ್ ಮೊದಲಾದ ದೇಶಗಳಿಂದ ಜನರನ್ನು ಕರೆಸಿಕೊಳ್ಳುತ್ತಿದೆ. 2021ರ ಕೊನೆಯಲ್ಲಿ ಕೇರಳದೊಂದಿಗೂ ಒಪ್ಪಂದವಾಯಿತು. ಅವಳ ನರ್ಸಿಂಗ್ ಪದವಿಯನ್ನು ಇಲ್ಲಿಯವರು ಕೂಲಂಕಷವಾಗಿ ಪರಿಶೀಲಿಸಿ, ಭಾಷೆಯ ಪರೀಕ್ಷೆ ಮಾಡಿ, ಮಾನ್ಯ ಮಾಡಿದರು. ಇನ್ನೊಬ್ಬರ ರಕ್ತನಾಳಕ್ಕೆ ಸೂಜಿ ಚುಚ್ಚುವ ಅಧಿಕಾರ ಅವಳಿಗಿದೆ. ಅವಳಿಗೆ ಮನೆಮನೆಗೆ ಹೋಗಿ ವೃದ್ಧರ ಆರೈಕೆ ಮಾಡುವ ಕೆಲಸದ ಮೇಲೆ ಮನಸ್ಸು. ಆ ಕೆಲಸದಲ್ಲಿ ಬೆಳಿಗ್ಗೆ ಆರಕ್ಕೆ ಕಾರು ಹತ್ತಿದರೆ ಒಂದು ಮನೆಯಿಂದ ಇನ್ನೊಂದು ಮನೆಗೆ, ಒಬ್ಬರಿಗೆ ಇನ್ಸುಲಿನ್, ಇನ್ನೊಬ್ಬರಿಗೆ ಗಾಯದ ಪಟ್ಟಿ. ಕೆಲಸ ಕೇಳಿಕೊಂಡು ಹೋದಾಗ ಮೊದಲ ಪ್ರಶ್ನೆಯೇ ಲೈಸೆನ್ಸ್ ಇದೆಯೇ ಎಂಬುದಾಗಿತ್ತು. ಊರಿನಲ್ಲಿ ಎಂಟು ವರ್ಷ ಕಾರು ಓಡಿಸಿದವಳು, ಇದೆ ಎಂದಳು. ಬಂದು ಏಳನೆಯ ತಿಂಗಳು. ಆ ಕೆಲಸ ಕೈತಪ್ಪಿತು.

ಬೇರೆ ಕಡೆಗಳಲ್ಲಿ ಇದಕ್ಕಿಂತ ಕಠಿಣವಾಗಿದೆ ಎಂಬುದನ್ನೂ ಬಲ್ಲೆ. ಕುವೈತಿನಲ್ಲಿ ವಿದೇಶಿ ನಿವಾಸಿಗಳಿಗೆ ವರ್ಷಗಟ್ಟಲೆ ಇದ್ದ ಷರತ್ತುಗಳು ಹೀಗಿದ್ದವು: ಎರಡು ವರ್ಷದ ವಾಸ, ವಿಶ್ವವಿದ್ಯಾಲಯದ ಪದವಿ, ತಿಂಗಳಿಗೆ ಕನಿಷ್ಠ 600 ದಿನಾರ್ ಸಂಬಳ. ಕೆಲವು ವೃತ್ತಿಗಳಿಗೆ ವಿನಾಯಿತಿ ಇತ್ತು. ಆದರೆ ಸಂಬಳಕ್ಕೂ ಬ್ರೇಕಿಗೂ ಏನು ಸಂಬಂಧ? ರಸ್ತೆಯಲ್ಲಿ ವಾಹನ ದಟ್ಟಣೆ ಹೆಚ್ಚಿದಾಗ ಯಾರನ್ನು ಮೊದಲು ಇಳಿಸಬೇಕು ಎಂಬ ಪ್ರಶ್ನೆಗೆ, ಮಾತನಾಡಲಾರದವರನ್ನು ಎಂಬ ಉತ್ತರ ಅದು. ಅಮೆರಿಕದಲ್ಲಿ 2005ರ ರಿಯಲ್ ಐಡಿ ಕಾಯಿದೆಯ ಪ್ರಕಾರ ತಾತ್ಕಾಲಿಕ ವೀಸಾದಲ್ಲಿರುವವರ ಲೈಸೆನ್ಸ್ ಅವರ ವಾಸದ ಅನುಮತಿಯ ಜೊತೆಗೇ ಮುಗಿಯುತ್ತದೆ. ಅನುಮತಿ ವಿಸ್ತರಣೆಯ ಅರ್ಜಿ ಎಲ್ಲೋ ಬಾಕಿ ಕುಳಿತಿದ್ದರೆ ಹತ್ತು ವರ್ಷ ಓಡಿಸಿದವರೂ ಕಾಗದಪತ್ರ ಹಿಡಿದು ಕೌಂಟರಿನ ಮುಂದೆ ನಿಲ್ಲಬೇಕು. ಜಪಾನಿನಲ್ಲಿ ವಿದೇಶಿ ಲೈಸೆನ್ಸ್ ಬದಲಾಯಿಸುವವರ ಜ್ಞಾನ ಪರೀಕ್ಷೆ ಹತ್ತು ಪ್ರಶ್ನೆಗಳದ್ದಾಗಿತ್ತು, ಏಳು ಸರಿಯಾದರೆ ಸಾಕಿತ್ತು. 2025ರ ಅಕ್ಟೋಬರಿನಿಂದ ಐವತ್ತು ಪ್ರಶ್ನೆ, ಶೇಕಡಾ 90 ಸರಿಯಿರಬೇಕು. ಬಿಗಿ ಮಾಡಿದ್ದು ತಪ್ಪಲ್ಲ, ಹತ್ತು ಪ್ರಶ್ನೆಯಿಂದ ಯಾರ ತಿಳಿವಳಿಕೆಯೂ ಅಳೆಯಲಾಗದು. ಆದರೆ ಅಲ್ಲಿಯೂ ಪಟ್ಟಿಯೊಂದಿದೆ. ಅದರಲ್ಲಿರುವ ದೇಶಗಳವರಿಗೆ ಇದು ಅನ್ವಯಿಸದು.

ಮನಸ್ಸಿದ್ದರೆ ದಾರಿ ಎಷ್ಟು ಬೇಗ ತೆರೆಯುತ್ತದೆ ಎಂಬುದನ್ನೂ ಕಂಡಿದ್ದೇವೆ. 2022ರಲ್ಲಿ ಯುದ್ಧದಿಂದ ಓಡಿಬಂದ ಉಕ್ರೇನಿನ ಜನರಿಗಾಗಿ ಯುರೋಪಿಯನ್ ಒಕ್ಕೂಟ ಕೆಲವೇ ತಿಂಗಳಲ್ಲಿ ಹೊಸ ನಿಯಮ ತಂದಿತು. ತಾತ್ಕಾಲಿಕ ರಕ್ಷಣೆ ಇರುವವರೆಗೆ ಅವರ ಲೈಸೆನ್ಸ್ ಹಾಗೆಯೇ ನಡೆಯುತ್ತದೆ, ಅನುವಾದವೂ ಬೇಡ, ಪರೀಕ್ಷೆಯೂ ಬೇಡ. ಆ ಜುಲೈ ತಿಂಗಳಲ್ಲಿ ಅದನ್ನು ಓದಿ ನನಗೆ ಸಂತೋಷವಾಗಿತ್ತು, ಈಗಲೂ ಅದನ್ನು ಮನಸಾರೆ ಒಪ್ಪುತ್ತೇನೆ. ಮನೆ ಕಳೆದುಕೊಂಡು ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಗಡಿ ದಾಟಿ ಬಂದ ತಾಯಿಗೆ ಕಾರಿನ ಕೀಲಿ ಕೆಳಗಿಡು ಎಂದು ಯಾರು ಹೇಳಬಲ್ಲರು? ಆದರೆ ಬೇರೆ ಯುದ್ಧಗಳಿಂದ ಬಂದವರೂ ಇದೇ ಊರುಗಳಲ್ಲಿದ್ದಾರೆ. ನನ್ನ ಲಿಖಿತ ಪರೀಕ್ಷೆಯ ದಿನ ಪಕ್ಕದಲ್ಲಿ ಕುಳಿತಿದ್ದ ಸಿರಿಯಾದ ಮುದುಕರೊಬ್ಬರು ಊರಿನಲ್ಲಿ ಇಪ್ಪತ್ತೆಂಟು ವರ್ಷ ಟ್ಯಾಕ್ಸಿ ಓಡಿಸಿದವರು. ಅದು ಅವರ ಮೂರನೆಯ ಪ್ರಯತ್ನ.

ನನ್ನನ್ನು ಕೇಳಿದರೆ, ಪಟ್ಟಿಯನ್ನು ಮಡಿಚಿ ಒಳಗಿಡಬೇಕು. ಎಲ್ಲಿಂದಲೇ ಬರಲಿ, ವಾಸಕ್ಕೆ ನಿಂತ ಪ್ರತಿಯೊಬ್ಬರನ್ನೂ ಒಂದು ವರ್ಷದೊಳಗೆ ಒಂದು ಗಂಟೆ ಕಾರಿನಲ್ಲಿ ಕೂರಿಸಿ ಪರೀಕ್ಷಿಸಲಿ. ಚೆನ್ನಾಗಿ ಓಡಿಸಿದವರಿಗೆ ಅಂದೇ ಹೊಸ ಲೈಸೆನ್ಸ್ ಕೊಡಲಿ. ತಪ್ಪಿದವರಿಗೆ ಏನು ತಪ್ಪಿದೆ ಎಂದು ಹೇಳಿ ಕಲಿಯಲು ಬಿಡಲಿ. ಆ ವರ್ಷವಿಡೀ ಹಳೆಯ ಲೈಸೆನ್ಸ್ ನಡೆಯಲಿ. ಟೆಕ್ಸಾಸಿನ ನನ್ನ ಸಹೋದ್ಯೋಗಿಗೂ ಇದೇ, ನಮ್ಮ ನರ್ಸ್‌ಗೂ ಇದೇ. ಪಟ್ಟಿ ಬೇಕೇ ಬೇಕು ಎನ್ನುವುದಾದರೆ ಯಾವ ದೇಶದ ಪರೀಕ್ಷೆಯನ್ನು ಯಾವಾಗ, ಯಾವ ಅಳತೆಯಿಂದ ತೂಗಿದರು ಎಂಬುದನ್ನು ಜನರ ಮುಂದಿಡಲಿ, ಸೇರಲು ಏನು ಮಾಡಬೇಕೆಂದು ಹೊರಗಿರುವ ದೇಶಗಳಿಗೂ ತಿಳಿಸಲಿ. ಹಾಗೆ ಮಾಡಿದರೆ ನಮ್ಮ ಮೈದಾನದ ಎಂಟರ ಪರೀಕ್ಷೆಯನ್ನು ಬದಲಾಯಿಸಲು ನಮ್ಮವರಿಗೂ ಒಂದು ಕಾರಣ ಸಿಕ್ಕೀತು.

ನನ್ನ ಹಳೆಯ ಕಾರ್ಡನ್ನು ಪರೀಕ್ಷೆ ಪಾಸಾದ ದಿನವೇ ಕೊಡಬೇಕಾಯಿತು. ಒಂದನ್ನು ಕೊಟ್ಟರೆ ಮಾತ್ರ ಇನ್ನೊಂದು. ಮೂಲೆಗಳು ಸವೆದು ಬಿಳಿಚಿದ್ದವು, ಫೋಟೊದಲ್ಲಿದ್ದ ಮುಖ ಇಪ್ಪತ್ತು ಇಪ್ಪತ್ತೊಂದರ ಹುಡುಗಿಯದ್ದು. ಪರೀಕ್ಷಕರು ಅದನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಲಕೋಟೆಗೆ ಹಾಕಿಕೊಂಡರು.

ನರ್ಸ್ ಹುಡುಗಿಯ ರಸ್ತೆ ಪರೀಕ್ಷೆ ಮುಂದಿನ ಮಂಗಳವಾರ ಇದೆ. ಇಲ್ಲಿ ಬೋಧಕರ ಕಾರಿನಲ್ಲಲ್ಲದೆ ರಸ್ತೆಯಲ್ಲಿ ಅಭ್ಯಾಸ ಮಾಡುವಂತಿಲ್ಲ, ನನ್ನ ಕಾರನ್ನು ಅವಳ ಕೈಗೆ ಕೊಡುವಂತಿಲ್ಲ. ಅದಕ್ಕೇ ಅವಳ ಪಾಳಿ ಮುಗಿದ ಮೇಲೆ ನಾವಿಬ್ಬರೂ ನಡೆದು ಹೋಗುತ್ತೇವೆ. ಕಾಲುದಾರಿಯ ಮೇಲೆ, ಪರೀಕ್ಷೆಗೆ ಕರೆದೊಯ್ಯುವ ಬೀದಿಗಳಲ್ಲಿ. ನಾನು ಪರೀಕ್ಷಕರಂತೆ ಒಂದು ಹೆಜ್ಜೆ ಹಿಂದೆ ನಡೆಯುತ್ತಾ ಜರ್ಮನ್ ಭಾಷೆಯಲ್ಲಿ ಎಡ, ಬಲ ಹೇಳುತ್ತೇನೆ. ಅವಳು ಕೂಡುರಸ್ತೆ ಬಂದ ಕಡೆ ನಿಲ್ಲುತ್ತಾಳೆ. ಫಲಕ ಇದೆಯೇ ಎಂದು ನೋಡುತ್ತಾಳೆ. ಇಲ್ಲದಿದ್ದರೆ ಬಲಗಡೆಯ ಬೀದಿಯತ್ತ ಬೆರಳು ತೋರಿಸಿ, "ಅವರು ಮೊದಲು, ಚೇಚಿ" ಎನ್ನುತ್ತಾಳೆ. ತಿರುಗುವ ಮುನ್ನ ತಲೆ ಹೊರಳಿಸಿ ಭುಜದ ಮೇಲಿಂದ ಹಿಂದೆ ನೋಡುತ್ತಾಳೆ. ನಿನ್ನೆ ಸಂಜೆ ಹಾಗೆ ನೋಡಿದಾಗ ಸೈಕಲ್ ದಾರಿಯಲ್ಲಿ ನಿಜವಾಗಿಯೂ ಒಬ್ಬರು ಬರುತ್ತಿದ್ದರು. ಅವಳು ಎರಡೂ ಕೈ ಹಿಡಿದು ನನ್ನನ್ನು ಹಿಂದಕ್ಕೆ ಎಳೆದಳು. ಅವರು ಹಾದು ಹೋದ ಮೇಲೆ ಇಬ್ಬರೂ ಬಲಕ್ಕೆ ತಿರುಗಿದೆವು.